ಬಾಕಿ

ಸಿನಿಮಾದಲ್ಲಿ ಡಾಕ್ಟರು ಕನ್ನಡಕ ತೆಗೆದರೆ ಸಾಕು,
ಇಂಟರ್‌ವಲ್.
ಆಮೇಲೆ ಕೆಮ್ಮುವವನಿಗೆ ಮೋಟಾರ್‌ಸೈಕಲ್ಲು, ಹಿಮದ ಬೆಟ್ಟ,
ವಿಮಾನದಿಂದ ಹಾರುವ ಧೈರ್ಯ.
ಕಾಲೇಜಿನಲ್ಲಿ ಕೈತಪ್ಪಿದವಳು ಕೂಡ
ಯಾವುದೋ ಸೇತುವೆಯ ಮೇಲೆ ತಿರುಗಿ ಸಿಗುತ್ತಾಳೆ.
ನಮ್ಮ ಮಂಗಳವಾರದ ಪಾಲಿಯೇಟಿವ್ ಜೀಪಿನಲ್ಲಿರುವುದು
ಹತ್ತಿ, ಗ್ಲೌಸು, ಮೂತ್ರದ ಚೀಲ,
ಮಾರ್ಫಿನ್ ಮಾತ್ರೆಯ ಲೆಕ್ಕದ ಪುಸ್ತಕ.

ಕಾಲೇಜಿನಿಂದ ಸೇವೆಗೆ ಬಂದ ಶಹನಾಜ್ ಕೇಳಿದ್ದು:
‘ಅಜ್ಜಾ, ನಿಮ್ಮ ಬಕೆಟ್ ಲಿಸ್ಟ್ ಎಂಥದು?’
ಅವಳ ಫೋನಿನಲ್ಲಿ ಸಾಯುವ ಮುಂಚೆ ನೋಡಲೇಬೇಕಾದ ನೂರು ಜಾಗ;
ಅರುವತ್ತೆರಡನೆಯದು ನಮ್ಮದೇ ಬೇಕಲ ಕೋಟೆ.

ಐತಪ್ಪಣ್ಣನ ಗಂಟಲಿಗೆ ಈಗ ತೂತು, ತೂತಿಗೊಂದು ಕೊಳವೆ.
ಇಪ್ಪತ್ತೊಂಬತ್ತು ವರ್ಷ
ಕಾಸರಗೋಡಿನಿಂದ ತಲಪಾಡಿವರೆಗೆ ಕೂಗಿದ ಗಂಟಲು.
ದಿಂಬಿನಡಿಯ ಹಳೆಯ ಟಿಕೆಟಿನ ಕಟ್ಟಿನಿಂದ ಒಂದು ಹರಿದು
ಹಿಂಬದಿಯಲ್ಲಿ ಬರೆದರು:
ಬಕೆಟ್ ಹಿಡಿದ ಜನ ಅಲ್ಲ ನಾನು. ಚೆಕ್ಕಿಂಗಿನವರಿಗೂ ಹಿಡಿದಿಲ್ಲ.
ನಗು ಕೊಳವೆಯಲ್ಲಿ ಸಿಳ್ಳೆಯಾಗಿ ಬಂತು.

ಮತ್ತೊಂದು ಟಿಕೆಟ್:
ಆರಿಕ್ಕಾಡಿಯಲ್ಲಿ ಇಳಿಯಬೇಕು.

‘ಅಲ್ಲಿ ಎಂಥ ಉಂಟು?’

ಗೊತ್ತಿಲ್ಲ. ಇಳಿದದ್ದಿಲ್ಲ.
ದಿನಕ್ಕೆ ಹನ್ನೆರಡು ಸಲ ನಿಲ್ಲಿಸಿದ್ದು. ಅರ್ಧ ನಿಮಿಷ. ಡಬಲ್ ಬೆಲ್.

ಮುಂದಿನ ವಾರ ಜೀಪು ಹೈವೇಗೆ ತಿರುಗಿತು.
ಕುಂಞಿರಾಮಣ್ಣ ಲಾಗ್ ಬುಕ್ಕಿನಲ್ಲಿ ‘ಪಂಚರ್’ ಅಂತ ಬರೆದ.
ರಸ್ತೆ ಆರು ಲೇನಾಗಿ, ಪಕ್ಕಕ್ಕೆ ಗೋಡೆ ಎದ್ದು,
ಸ್ಟಾಪು ಸರ್ವಿಸ್ ರೋಡಿಗೆ ಸರಿದಿತ್ತು:
ಒಂದು ಕಂಬ, ಒಣಮೀನಿನ ಹೆಂಗಸು, ಅವಳ ಸ್ಟೂಲು.
ಕಿಟಕಿಗೆ ಸೋಡಾ ಎತ್ತಿಕೊಡುತ್ತಿದ್ದ ಹುಡುಗನ ಅಂಗಡಿಯನ್ನು
ಕಣ್ಣಲ್ಲೇ ಹುಡುಕಿದರು. ಹುಡುಗನೆಂದರೆ
ಈಗ ಅವನಿಗೂ ಐವತ್ತು ದಾಟಿರಬೇಕು.
ನನ್ನ ಭುಜ ಹಿಡಿದು ಆರೇಳು ಹೆಜ್ಜೆ,
ಆಮೇಲೆ ಆ ಸ್ಟೂಲು.
ಶಹನಾಜ್ ಫೋನೆತ್ತಿದಳು,
ಯಾವ ಹಾಡೂ ಹೊಂದದೆ ಇಳಿಸಿದಳು.

ಬಸ್ಸು ಬಂತು.
ಮೀಸೆ ಮೂಡುತ್ತಿದ್ದ ಕಂಡಕ್ಟರ್ ‘ತಲಪಾಡಿ, ತಲಪಾಡಿ’ ಎಂದ,
ನಮ್ಮನ್ನೇ ನೋಡುತ್ತ.
ಐತಪ್ಪಣ್ಣ ಕೂತಲ್ಲಿಂದಲೇ ಕೈ ಚಾಚಿ ತಗಡಿಗೆ ಬಡಿದರು.
ಟಪ್. ಟಪ್.
ಹೊರಟಿತು.
ಧೂಳು ಕೂರುವ ತನಕ ನೋಡಿ
ತೊಡೆಯ ಮೇಲೆ ಟಿಕೆಟ್ ಇಟ್ಟು ಬರೆದರು:
ಮೊದಲ ಸಲ ನನ್ನನ್ನು ಬಿಟ್ಟು ಹೋಯಿತು.
ಕೆಳಗೆ ಗೆರೆ ಎಳೆದರು, ಟ್ರಿಪ್ ಶೀಟು ಮುಗಿಸಿದ ಹಾಗೆ.

ಆಟಿಯಲ್ಲಿ, ಅವರು ಹೋದ ಮೇಲೆ,
ಕೇಸ್ ಫೈಲಿನಲ್ಲಿ ಇನ್ನೊಂದು ಟಿಕೆಟ್ ಸಿಕ್ಕಿತು:
ಕುಂಜತ್ತೂರು ಶಾಲೆಯ ಟೀಚರು. ನೀಲಿ ಕೊಡೆ.
ಎರಡು ರೂಪಾಯಿ ಎಪ್ಪತ್ತೈದು ಪೈಸೆ ಕೊಡಲಿಕ್ಕುಂಟು.

ಎಪ್ಪತ್ತೈದು ಪೈಸೆ ಈಗ ಯಾರಲ್ಲೂ ಇಲ್ಲ.
ಮೂರು ರೂಪಾಯಿ ನನ್ನ ಕೋಟಿನ ಜೇಬಿನಲ್ಲಿ ಇಟ್ಟಿದ್ದೇನೆ, ಬಿಡಿಯಾಗಿ.
ಮಳೆಯಲ್ಲಿ ನೀಲಿ ಕೊಡೆ ಕಂಡರೆ
ಕುಂಞಿರಾಮಣ್ಣ
ಕೇಳದೆಯೇ ಬ್ರೇಕಿಗೆ ಕಾಲಿಡುತ್ತಾನೆ.