ಷರಾ

ಗುಡ್ಡದ ನೆತ್ತಿಯಲ್ಲೊಂದು ಕೋಣೆ, ಹತ್ತಡಿಗೆ ಹನ್ನೆರಡು.
ತಗಡಿನ ಮೇಲೆ ನಾಲ್ಕು ಮೂಟೆ ಮರಳು,
ಗಾಳಿಗೆ ಹೆದರಿ ಇಟ್ಟದ್ದು.
ಪಕ್ಕಕ್ಕೆ ವೈರ್‌ಲೆಸ್ ಕಂಬ.
ಬಾಳೆಹೊನ್ನೂರು ಹೇಳಿದ್ದನ್ನು ಕಡೂರಿಗೆ ದಾಟಿಸುವುದು
ಅದರ ಕೆಲಸ. ಅದು ಮೂಗಾಗದಂತೆ ನೋಡಿಕೊಳ್ಳುವುದು
ನಮ್ಮದು: ಬ್ಯಾಟರಿಗೆ ನೀರು, ಜನರೇಟರಿಗೆ ಡೀಸೆಲ್ಲು,
ಸ್ಟೌವಿಗೆ ಸೀಮೆಎಣ್ಣೆ, ಪುಸ್ತಕಕ್ಕೆ ಸಹಿ.

ಹದಿನೈದು ದಿನ ನಾನೂ ಹಾಲೇಶನೂ,
ಹದಿನೈದು ದಿನ ಇನ್ನಿಬ್ಬರು.
ಅವರು ಬಿಟ್ಟ ಈರುಳ್ಳಿ ನಾವು ಹೆಚ್ಚುತ್ತೇವೆ,
ನಾವು ಬಿಟ್ಟ ಉಪ್ಪಿನಕಾಯಿ ಅವರು ನೆಕ್ಕುತ್ತಾರೆ.
ಮುಖ ಕಾಣುವುದು
ಜೀಪಿನಿಂದ ಅವರಿಳಿದು ನಾವು ಹತ್ತುವ ಎರಡು ನಿಮಿಷ.
ಹೀಗೆ ಋತುವನ್ನೂ ಸೀಳಿ ಹಂಚಿಕೊಂಡಿದ್ದೇವೆ.
ಆರು ವರ್ಷದಲ್ಲಿ ಯಾವ ಹೂವನ್ನೂ ನಾನು ಪೂರ್ತಿ ನೋಡಿಲ್ಲ:
ಮೊಗ್ಗು ಅವರ ಪಾಲಿಗೆ, ಬಾಡಿದ್ದು ನನಗೆ.

ಪುಸ್ತಕದಲ್ಲಿ ಐದು ಕಾಲಂ.
ದಿನಾಂಕ, ವೇಳೆ, ವೋಲ್ಟೇಜು, ಡೀಸೆಲ್ಲು,
ಕೊನೆಗೆ ಅಗಲವಾಗಿ, ಯಾರಿಗೋ ಕಾದಂತೆ, ಷರಾ.

ಆರಿದ್ರೆಯಿಂದ ಆಶ್ಲೇಷದವರೆಗೆ
ಇಲ್ಲಿ ಹೊರಗು ಅಂತ ಒಂದಿಲ್ಲ.
ಮಂಜು ಕದ ತಟ್ಟುವುದಿಲ್ಲ, ಮಂಚದ ಮೇಲೆ ಕೂತಿರುತ್ತದೆ.
ಬೆಂಕಿಪೊಟ್ಟಣ ಕಂಕುಳಲ್ಲಿ ಮಲಗುತ್ತದೆ.
ಬಾಗಿಲಿಂದ ಪಾಯಖಾನೆಗೆ ಹಗ್ಗ ಕಟ್ಟಿದೆ,
ಹದಿನೇಳು ಹೆಜ್ಜೆ, ಹಿಡಿದೇ ಹೋಗಬೇಕು;
ಹೋದ ವರ್ಷ ಬಿಟ್ಟು ಹೋದವನು
ಇಳಿಜಾರಿನಲ್ಲಿ ಒಂದು ಗಂಟೆ
ಹಾಲೇಶಾ ಹಾಲೇಶಾ ಅಂತ ಕೂಗುತ್ತ ಕೂತಿದ್ದ. ಅದು ನಾನೇ.
ಷರಾ: ಕಂಬ ಕಾಣುವುದಿಲ್ಲ. ಗುಂಯ್ ಅನ್ನುವುದು ಕೇಳುತ್ತಿದೆ.

ಚಿತ್ತೆ ಕಳೆದು ಒಂದು ಬೆಳಗ್ಗೆ
ಯಾರೋ ಮುಚ್ಚಳ ತೆಗೆದ ಹಾಗೆ ಬಯಲು.
ಅಯ್ಯನಕೆರೆ, ತೊಳೆದು ಬೋರಲು ಹಾಕದ ತಟ್ಟೆ.
ಅದರಾಚೆ ಹಾಲೇಶನ ಊರು.
ರಾತ್ರಿ ಎಂಟಕ್ಕೆ ಹೆಂಡತಿ ತಾರಸಿಯ ಬಲ್ಬು
ಎರಡು ಸಲ ಆರಿಸಿ ಹಚ್ಚುತ್ತಾಳಂತೆ, ತನಗೆ ಕಾಣುತ್ತದಂತೆ.
ಇಪ್ಪತ್ತೆಂಟು ಕಿಲೋಮೀಟರು, ಅರವತ್ತರ ಬಲ್ಬು:
ನಾನು ಕಾಗದದ ಮೇಲೆ ಲೆಕ್ಕ ಹಾಕಿ, ಕಾಣದು ಅಂದೆ.
ಮೂರು ದಿನ ಮಾತು ಬಿಟ್ಟ.
ಸಾರಿಗೆ ಉಪ್ಪು ಹಾಕಿದನೋ ಇಲ್ಲವೋ
ನಾಲಿಗೆಯಿಂದಲೇ ತಿಳಿಯಬೇಕಾಯಿತು.

ಧನುರ್ಮಾಸದಲ್ಲಿ ಕೊಬ್ಬರಿಎಣ್ಣೆಯನ್ನು ಚಾಕುವಿನಿಂದ ಕೆತ್ತುತ್ತೇವೆ.
ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುವುದು ಕೆಳಗಿನವರಿಗೆ;
ಹೋಗುವ ದಾರಿ ನಮ್ಮ ಮೇಲೆಯೇ ಇದೆ,
ಇನ್ನೊಂದು ಅಮಾವಾಸ್ಯೆ ಕೂತು, ಸುಧಾರಿಸಿಕೊಂಡು ಏಳುತ್ತದೆ.

ಎದ್ದ ಜಾಗಕ್ಕೆ ಬೆಂಕಿ.
ಆ ಮಾರ್ಚಿಯಲ್ಲಿ ಎದುರು ಗುಡ್ಡಕ್ಕೆ ಕೆಂಪು ದಾರ ಕಟ್ಟಿದಂತಿತ್ತು;
ನೋಡುತ್ತ ಚಹಾ ಕುಡಿದೆವು.
ಗಾಳಿ ಮಗ್ಗುಲು ಬದಲಿಸಿದ್ದು ಎರಡು ಗಂಟೆಗೆ.
ಹಸಿ ಸೊಪ್ಪು, ಗೋಣಿ, ಬೂಟಿನ ಕಾಲು,
ಕೊನೆಗೆ ಹಂಡೆಯ ನೀರು, ಕೊನೆಗೆ ಹಾಲೇಶನ ಫ್ಲಾಸ್ಕು.
ನಡುವೆ ಒಳಗಿನಿಂದ ಯಾರದೋ ದನಿ,
ಯಾವುದೋ ಲಾರಿಯ ನಂಬರು ಎರಡೆರಡು ಸಲ ಓದುತ್ತಿತ್ತು.
ಕಂಬ ಅದನ್ನೂ ತಪ್ಪಿಲ್ಲದೆ ದಾಟಿಸಿತು.
ಷರಾ: ಬೆಂಕಿ. ನಂದಿದೆ. ಕುಡಿಯಲು ನೀರಿಲ್ಲ.

ಅಶ್ವಿನಿ ಮಳೆ ಬಿದ್ದ ಒಂಬತ್ತನೇ ದಿನ
ಕರಕಲಿನ ಮೇಲೆ ಸೂಜಿಮೊನೆಯಷ್ಟು ಹಸಿರು. ಅದನ್ನೂ ಬರೆದೆ.

ತಪಾಸಣೆಗೆ ಬಂದ ಸಾಹೇಬರು ಹಾಳೆ ತಿರುವಿ,
'ಏನ್ರೀ ಇದು? ಷರಾ ಅಂದ್ರೆ ಕೆಟ್ಟಿದ್ದು ಬರೆಯೋ ಜಾಗ.
ಕೆಟ್ಟಿಲ್ಲದಿದ್ರೆ ಎಲ್ಲ ಸರಿ ಅಂತ ಬರೀರಿ, ಸಾಕು.'
ಆಮೇಲೆ ಟೋಪಿ ತೆಗೆದು ಅಂಚಿನಲ್ಲಿ ನಿಂತೇ ನಿಂತರು.
ಚಹಾ ಆರಿತು.

ಅಂದಿನಿಂದ ಎಲ್ಲ ಸರಿ. ಎಲ್ಲ ಸರಿ. ಎಲ್ಲ ಸರಿ.
ನನ್ನ ಕೈಬರಹವೇ ನನಗೆ ಬೇಸರವಾಗಿ
ಒಂದು ಮುಂಜಾನೆ ಪಾಳಿಗೆ ಕೂತು ನೋಡಿದರೆ
ಹಾಲೇಶನ ದಪ್ಪಕ್ಷರ:
'ರಾತ್ರಿ 8.00. ಬಲ್ಬು ಕಂಡಿತು. ಎರಡು ಸಲ. ಎಲ್ಲ ಸರಿ.'

ಕೆಳಗೆ ಇನ್ನೊಂದು ಸಹಿಗೆ ಜಾಗ ಬಿಟ್ಟಿದ್ದ.
ಹಾಕಿದೆ.