ಇತರೆ

ಹಂಟ್ಸ್‌ವಿಲ್, ಜನವರಿ, ಬೆಳಗಿನ ಜಾವ ಮೂರೂವರೆ.
ವರ್ನೀಸ್ ಟಾಲಿವರ್ ಎದುರು ಆರು ಪರದೆ,
ಆರಿದ ಕಾಫಿ, ಮೊಣಕಾಲ ಮೇಲೆ ಅಕ್ಕನ ಸ್ವೆಟರು.

ನಾನೂರ ಹತ್ತು ಕಿಲೋಮೀಟರ್ ಮೇಲೆ ನಾಲ್ವರು
ಗೋಡೆಗೆ ಕಟ್ಟಿದ ಚೀಲಗಳಲ್ಲಿ ನಿದ್ದೆಹೋಗಿದ್ದಾರೆ.
ಆ ನಿಲ್ದಾಣದ ಗಾಳಿಕೊಳವೆಗಳನ್ನು ಯಾರ ಕೈಯೂ ಬರೆದದ್ದಲ್ಲ.
ಯಂತ್ರವೇ ನಲವತ್ತು ಸಾವಿರ ಸಲ ಬರೆದು, ಅಳಿಸಿ,
ಕೊನೆಗೆ ಹಾಗಲಬಳ್ಳಿಯ ಹಾಗೆ ಸುತ್ತಿಬಿಟ್ಟದ್ದು.
ಇಲ್ಯಾಕೆ ಈ ತಿರುವು ಅಂದರೆ
ಎಂಜಿನಿಯರುಗಳು ತಲೆ ಕೆರೆದುಕೊಳ್ಳುತ್ತಾರೆ:
ಗೊತ್ತಿಲ್ಲ. ಆದರೆ ನಡೆಯುತ್ತೆ.

ಹಳದಿ ಸಾಲು ಮೂಡಿತು:
ಮೂರನೇ ಗೂಡಿನ ಫ್ಯಾನು ಹನ್ನೊಂದು ನಿಮಿಷ ನಿಲ್ಲಿಸುವೆ.
ಬೇರಿಂಗ್ ಬಿಸಿ. ಅಪಾಯವಿಲ್ಲ. ಒಪ್ಪಿಗೆ?

ಅವಳೂ ಕೂಡಿ ನೋಡಿದಳು, ಪೆನ್ಸಿಲಿನಲ್ಲಿ,
ಹತ್ತೊಂಬತ್ತು ವರ್ಷದ ಚಾಳಿ.
ಲೆಕ್ಕ ಸರಿಯಾಗಿಯೇ ಇದೆ.

ಆದರೆ ಅಲ್ಲಿ ಬಿಸಿಗಾಳಿ ಮೇಲೇಳುವುದಿಲ್ಲ,
ಮೇಲೆ ಎಂಬುದೇ ಇಲ್ಲ.
ಫ್ಯಾನು ನಿಂತರೆ, ಬಿಟ್ಟ ಉಸಿರು ಎಲ್ಲಿಗೂ ಹೋಗದೆ
ಮೂಗಿನ ಮುಂದೆಯೇ ಕೂತಿರುತ್ತದೆ
ಬಾಕಿ ಕೇಳಲು ಬಂದವನ ಹಾಗೆ.

ಡಿಕೇಟರಿನ ಆಸ್ಪತ್ರೆಯಲ್ಲಿ ನರ್ಸು ಅಂದಿದ್ದಳು:
ಟ್ಯೂಬು ಬದಲಿಸಬೇಕು, ಎರಡೇ ನಿಮಿಷ.
ಆ ಎರಡು ನಿಮಿಷದ ಲೆಕ್ಕವೂ ಸರಿಯಾಗಿಯೇ ಇತ್ತು.
(ಅಕ್ಕ ಈಗ ಚೆನ್ನಾಗಿದ್ದಾಳೆ.
ಸ್ವೆಟರು ಯಾವಾಗ ಕೊಡ್ತೀಯೆ ಅಂತ ಕೇಳುತ್ತಿರುತ್ತಾಳೆ.)

ಬೇಡ, ಒತ್ತಿದಳು.
ಕಾರಣ? ಕೇಳಿತು ಯಂತ್ರ.
ಏಳು ಮನೆಗಳ ಪಟ್ಟಿ, ಸಂವೇದಕ ದೋಷ, ವಿದ್ಯುತ್ ಕೊರತೆ, ಇಂಥವು.
ಎಂಟನೆಯದು ಕಟ್ಟಕಡೆಗೆ: ಇತರೆ.
ಅರ್ಜಿ ತುಂಬಿದವರಿಗೆಲ್ಲ ಗೊತ್ತು ಆ ಮನೆ,
ಎಲ್ಲೂ ಹೊಂದದವರು ಹೋಗಿ ಕೂರುವ ಜಗಲಿ.
ಬರೆದಳು: ಅವನು ಮಲಗಿದ್ದಾನೆ.
ಆರಕ್ಕೆ ಏಳುತ್ತಾನೆ. ಅಲ್ಲೀವರೆಗೆ ತಡಿ.

ದಾಖಲಾಯಿತು.

ಬೇರಿಂಗು ತಡೆಯದೆಯೂ ಇರಬಹುದಿತ್ತು.
ತಡೆಯಿತು, ಗೊಣಗುತ್ತ.
ಅದಕ್ಕೆ ಅವಳೇನೂ ಹಿಗ್ಗಲಿಲ್ಲ.

ಮರುರಾತ್ರಿ ಮತ್ತೆ ಹಳದಿ ಸಾಲು,
ಬೇರೆ ಗೂಡು, ಬೇರೆ ಫ್ಯಾನು, ಬಾಲಕ್ಕೊಂದು ಹೊಸ ತುಣುಕು:
ಮಲಗಿದ್ದಾಳೆ. ಕಾಯಲೇ?

ಕಲಿಯಿತೋ, ಗಿಳಿಪಾಠ ಒಪ್ಪಿಸಿತೋ.
ಅದನ್ನು ಕೇಳಲು ಪರದೆಯ ಮೇಲೆ ಮನೆಯಿರಲಿಲ್ಲ.
ಕಾಯಿ, ಎಂದಷ್ಟೇ ಒತ್ತಿ
ಬಹಳ ಹೊತ್ತು ಕೈ ತೆಗೆಯಲಿಲ್ಲ.

ಏಳಕ್ಕೆ ಹೊರಬಂದರೆ ಕಾರಿನ ಗಾಜಿನ ತುಂಬ ಹಿಮ.
ಕೀಲಿಗಾಗಿ ತಡಕಾಡುತ್ತ ಆಕಳಿಸಿದಳು.
ಬೆಳ್ಳನೆ ಉಸಿರು ತಾನೇ ಮೇಲೆದ್ದು
ಕಂಬದ ಬೆಳಕು ದಾಟಿ ಹೋಯಿತು,
ಯಾರನ್ನೂ ಕೇಳದೆ.