ಇಳಿಜಾರಿಗೆ ಮುಖ

ಹದಿನೇಳು ವರ್ಷ ಮಾದಾಪುರದ ಮಕ್ಕಳನ್ನು ಹೊತ್ತು
ವಾಂತಿ, ಪೆನ್ಸಿಲ್ ತುಂಡು, ಜಗಳ ಎಲ್ಲ ಕಂಡ ವ್ಯಾನು
ಈಗ ನಮ್ಮಿಬ್ಬರ ಮನೆ.
ಸೀಟು ಕಿತ್ತು ಹಾಸಿಗೆ ಹಾಕಿದೆ.
ಹಳದಿ ಬಣ್ಣ ಹಾಗೇ ಬಿಟ್ಟೆ.

ಸುಂಟಿಕೊಪ್ಪದ ಮೊಯ್ದು ಬ್ಯಾಟರಿ ಎರಡು ಕೂರಿಸಿದ.
ಒಂದು ಬಂಡಿಯದು, ಬೆಳಿಗ್ಗೆ ಒಮ್ಮೆ ಹೂಂಕರಿಸಿ ಸುಮ್ಮನಾಗುವಂಥದು.
ಇನ್ನೊಂದು ಮನೆಯದು. ದೀಪಕ್ಕೆ, ಫ್ಯಾನಿಗೆ,
ಅಕ್ಕ ದೇಚಮ್ಮ ಮೂಗಿಗೆ ಕಟ್ಟಿಕೊಂಡು ಮಲಗುವ ಉಸಿರಿನ ಮಿಷನ್ನಿಗೆ
ರಾತ್ರಿಯಿಡೀ ಚಿಟಿಕೆ ಚಿಟಿಕೆ ಕೊಡುವಂಥದು.
"ಓಡುವಾಗ ಇಬ್ಬರಿಗೂ ಊಟ. ನಿಂತ ಮೇಲೆ
ಅವರವರ ತಟ್ಟೆ ಅವರವರಿಗೆ," ಅಂದ.
ನಡುವೆ ಒಂದು ಕೆಂಪು ಸ್ವಿಚ್ಚು. "ಇದನ್ನು ಮುಟ್ಟಬೇಡಿ ಟೀಚರೇ."
ನಾನು ಟೀಚರಲ್ಲ, ಡ್ರೈವರು. ಅವನ ಮಗಳನ್ನೂ ಹೊತ್ತವಳು.

ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿ ಇಣುಕುತ್ತೇನೆ.
ಒಳಗಿನ ತಟ್ಟೆ ಮುಳುಗುವಷ್ಟು ನೀರು. ತೊರೆಯದು ಎಷ್ಟೇ ತಿಳಿಯಿದ್ದರೂ ಆಗದು,
ಬಟ್ಟಿ ಇಳಿಸಿದ್ದೇ ಬೇಕು.
"ನನಗೂ," ಅನ್ನುತ್ತಾಳೆ ಅಕ್ಕ.
ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ವಾರ
ಟರ್ಮಿನಲ್ಲಿನ ಮೇಲೂ ಅರಳಿತ್ತು ಬಿಳಿ ಪುಡಿ.
ಈ ಹೂವು ಕಾಯಿ ಕಟ್ಟುವುದಿಲ್ಲ.
ಬಿಸಿನೀರು, ಸೋಡಾಪುಡಿ, ಹಲ್ಲುಜ್ಜಿ ಸವೆದ ಬ್ರಷ್ಷು,
ಆಮೇಲೆ ಒಂದು ಬೆರಳು ವ್ಯಾಸಲೀನು.

ಕೋಟೆಬೆಟ್ಟದ ಬುಡದಲ್ಲಿ ಮೂರು ದಿನ ಮಂಜು.
ನೆತ್ತಿಯ ಸೋಲಾರು ಕುರುಡಾಯಿತು.
ರಾತ್ರಿ ಎರಡೂವರೆಗೆ ಮೀಟರು ನೋಡಿದೆ, ಹನ್ನೊಂದು ಮುಕ್ಕಾಲು.
ಮಿಷನ್ನು ಕುಂಯ್ ಅಂತು.
ಅಕ್ಕನ ಉಸಿರು ನಿಂತಿತು. ಎಣಿಸಿದೆ, ಐದು, ಆರು, ಏಳು,
ಮತ್ತೆ ಹೊರಟಿತು.
ಇಂಜಿನ್ ಚಾಲೂ ಮಾಡಬಹುದಿತ್ತು. ಮಾಡಿದರೆ ಅವಳು ಏಳುತ್ತಾಳೆ,
ಎದ್ದರೆ ಬೆಳಗಿನ ತನಕ ಸತ್ತವರ ಲೆಕ್ಕ.
ಕೆಂಪು ಸ್ವಿಚ್ಚು ತಿರುಗಿಸಿದೆ.

ಬೆಳಿಗ್ಗೆ ಕೀಲಿ ತಿರುವಿದರೆ ಟಕ್.
ಇನ್ನೊಮ್ಮೆ, ಟಕ್.
ತಲೆ ಬಾಚಿಕೊಳ್ಳುತ್ತಾ ಅಕ್ಕ, "ಏನಾಯ್ತು?"
"ಏನಿಲ್ಲ."
ಹದಿನೇಳು ವರ್ಷದಲ್ಲಿ ಕಲಿತದ್ದು ಇಷ್ಟೇ:
ಈ ಕೊಡಗಿನಲ್ಲಿ ರಾತ್ರಿ ಬಂಡಿ ನಿಲ್ಲಿಸುವಾಗ
ಮುಖ ಇಳಿಜಾರಿಗಿರಲಿ.
ಚಕ್ರದ ಕಲ್ಲು ತೆಗೆದೆ. ಬ್ರೇಕು ಬಿಟ್ಟೆ.
ಸೆಕೆಂಡ್ ಗೇರು, ಕ್ಲಚ್ಚಿನ ಮೇಲೆ ಕಾಲು,
ಸದ್ದಿಲ್ಲದೆ ಉರುಳುತ್ತಾ
ಒಂದು ಸಿಲ್ವರ್ ಮರ, ಎರಡು,
ಮೂರನೆಯದಕ್ಕೆ ಕಾಲೆತ್ತಿದೆ.
ವ್ಯಾನು ಮುಗ್ಗರಿಸಿತು, ಬಾಚಣಿಗೆ ಹಾರಿತು,
ಕೆಮ್ಮಿ, ಕೆಮ್ಮಿ, ಉಸಿರು ಹಿಡಿಯಿತು.

ಸುಂಟಿಕೊಪ್ಪದವರೆಗೆ ಎಲ್ಲೂ ನಿಲ್ಲಿಸಲಿಲ್ಲ.
ಮೊಯ್ದು ಮೀಟರಿನ ಕಡ್ಡಿ ಊರಿ ನೋಡಿದ,
ಸ್ವಿಚ್ಚನ್ನು ನೋಡಿದ,
ಹಿಂದೆ ಗೊರಕೆ ಹೊಡೆಯುತ್ತಿದ್ದ ಅಕ್ಕನನ್ನು ನೋಡಿ
ಬೈಯಲು ತೆರೆದ ಬಾಯಿಗೆ ಬೀಡಿ ಇಟ್ಟುಕೊಂಡ.